ಮಣ್ಣು, ಸುಣ್ಣ, ಮರದ ಮನೆ: ‘ಉಸಿರಾಡುವ ಗೋಡೆ’ ಅಂದರೆ ನಿಜಕ್ಕೂ ಏನು?

ಫೋನ್ ತೆರೆದರೆ ಸಾಕು, ಈಗ ಎಲ್ಲೆಲ್ಲೂ ಅದೇ ಥರದ ಮನೆಗಳು. ಪದರ ಪದರವಾಗಿ ಕಾಣುವ ಮಣ್ಣಿನ ಗೋಡೆ, ಹೊಳಪಿಲ್ಲದ ಸುಣ್ಣದ ಬಣ್ಣ, ಎಣ್ಣೆ ಕುಡಿದ ಮರದ ನೆಲ, ಬಿದಿರಿನ ಸೂರು. ನೋಡೋಕೆ ತುಂಬಾ ಚೆಂದ. ಜೊತೆಗೆ ಬರೆದಿರುವುದೂ ಹೆಚ್ಚು ಕಡಿಮೆ ಒಂದೇ: ‘ಉಸಿರಾಡುವ ಗೋಡೆ’, ‘ಪರಿಸರಸ್ನೇಹಿ’, ‘ಸಹಜ’. ಆದರೆ ನಿಜವಾಗಿ ಮನೆ ಕಟ್ಟೋಕೆ ಹೊರಟವರ ತಲೆಯಲ್ಲಿ ಓಡುವ ಪ್ರಶ್ನೆಗಳೇ ಬೇರೆ. ಮಳೆಗೆ ಕರಗಲ್ವಾ? ಹುಳು ಹಿಡಿಯಲ್ವಾ? ಗೋಡೆ ಉಸಿರಾಡುತ್ತೆ ಅಂದರೆ ಗಾಳಿ ಒಳಗೆ ನುಗ್ಗುತ್ತಾ?

ಈ ಪ್ರಶ್ನೆಗಳನ್ನೆಲ್ಲ ಬಿಡಿಸುತ್ತಾ ಹೋದರೆ ಕೊನೆಗೆ ಸಿಗುವುದು ನೀರು. ಮಣ್ಣು, ಸುಣ್ಣ, ಮರ, ಬಿದಿರು, ಹುಲ್ಲು ಇವೆಲ್ಲ ತೇವವನ್ನು ಒಳಗೆ ಬಿಟ್ಟುಕೊಂಡು ಮತ್ತೆ ಹೊರಗೆ ಬಿಡುವ ವಸ್ತುಗಳು. ಸಿಮೆಂಟ್ ಪ್ಲಾಸ್ಟರ್, ಪ್ಲಾಸ್ಟಿಕ್ ಪೇಂಟ್, ಟೈಲ್ಸ್ ಇವು ತೇವವನ್ನು ಆದಷ್ಟು ತಡೆದು ನಿಲ್ಲಿಸಲು ನೋಡುವ ವಸ್ತುಗಳು. ಎರಡೂ ಬೇರೆ ಬೇರೆ ಪದ್ಧತಿ. ಒಂದರ ಸಾಮಾನು ತಂದು ಇನ್ನೊಂದರ ರೀತಿಯಲ್ಲಿ ಕಟ್ಟಿದಾಗಲೇ ಹೆಚ್ಚಿನ ಎಡವಟ್ಟುಗಳು ಆಗೋದು.

ಮೊದಲು, ‘ಪರಿಸರಸ್ನೇಹಿ’ ಅನ್ನೋದರ ಲೆಕ್ಕ

ಒಂದು ವಸ್ತು ನಿಮ್ಮ ಗೋಡೆ ಸೇರುವ ಹೊತ್ತಿಗೆ ಅದರ ಹಿಂದೆ ಎಷ್ಟೋ ಇಂಧನ ಉರಿದಿರುತ್ತದೆ. ಅಗೆಯೋಕೆ, ಸುಡೋಕೆ, ಪುಡಿ ಮಾಡೋಕೆ, ಲಾರಿಯಲ್ಲಿ ಸಾಗಿಸೋಕೆ. ಇದೆಲ್ಲ ಸೇರಿ ಆಗುವ ಮೊತ್ತಕ್ಕೆ ಅಡಕ ಶಕ್ತಿ ಅನ್ನುತ್ತಾರೆ. ಮನೆಯಲ್ಲಿ ಫ್ಯಾನ್, ದೀಪಕ್ಕೆ ಆಗುವ ಕರೆಂಟಿನ ಖರ್ಚು ಬಿಲ್ಲಿನಲ್ಲಿ ಕಾಣುತ್ತದೆ. ಇದು ಮಾತ್ರ ಕಾಣೋದೇ ಇಲ್ಲ. ಗೃಹಪ್ರವೇಶದ ಹೊತ್ತಿಗೆ ಎಲ್ಲಾ ಖರ್ಚಾಗಿ ಮುಗಿದಿರುತ್ತದೆ.

ಸಿಮೆಂಟಿನ ವಿಷಯ ತಗೊಳ್ಳಿ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರು. ಇವತ್ತು ಅದನ್ನು ತಯಾರಿಸಲು ಸುಣ್ಣದ ಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಆ ಬೆಂಕಿಗೆ ಬೇಕಾದ ಇಂಧನದ ಹೊಗೆ ಒಂದು ಕಡೆ. ಅದಕ್ಕಿಂತ ದೊಡ್ಡ ಪಾಲು ಬರುವುದು ಕಲ್ಲಿನ ಒಳಗಿಂದಲೇ. ಸುಣ್ಣದ ಕಲ್ಲು ಕಾದಾಗ ತನ್ನೊಳಗಿದ್ದ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಬಿಡುತ್ತದೆ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಅನಿಲವಾಗಿ ಹೋಗುತ್ತದೆ. ಒಲೆಗೆ ಸೌರಶಕ್ತಿಯನ್ನೇ ಬಳಸಿದರೂ ಈ 44 ಕಿಲೋ ತಪ್ಪೋದಿಲ್ಲ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 7ರಿಂದ 8ರಷ್ಟು ಸಿಮೆಂಟಿನದ್ದೇ.

ಮಣ್ಣನ್ನು ಸುಡಬೇಕಾಗಿಲ್ಲ. ನಿವೇಶನದಲ್ಲೇ ಪಾಯ ತೋಡಿದಾಗ ಸಿಕ್ಕ ಮಣ್ಣಾದರೆ ಲಾರಿಯೂ ಬೇಡ. ಮರ, ಬಿದಿರು, ಹುಲ್ಲು ಇನ್ನೂ ಒಂದು ಹೆಜ್ಜೆ ಮುಂದೆ. ಅವು ಬೆಳೆಯುವಾಗ ಗಾಳಿಯಲ್ಲಿರುವ ಇಂಗಾಲವನ್ನೇ ಎಳೆದುಕೊಂಡು ಮೈ ಕಟ್ಟಿರುತ್ತವೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಹಾಗಾಗಿ ಒಂದು ಘನ ಮೀಟರ್ ಮರದ ತೊಲೆಯಲ್ಲಿ ಸುಮಾರು 0.9 ಟನ್ ಡೈಆಕ್ಸೈಡಿಗೆ ಸಮನಾದ ಇಂಗಾಲ ಕೂತಿರುತ್ತದೆ. ಮರ ಕೊಳೆಯುವವರೆಗೆ ಅಥವಾ ಉರಿಯುವವರೆಗೆ ಅದು ಅಲ್ಲೇ ಇರುತ್ತದೆ.

ಇಲ್ಲೊಂದು ಎಚ್ಚರಿಕೆ. ‘ಸಹಜ’ ಅಂದ ಮಾತ್ರಕ್ಕೆ ಪರಿಸರಸ್ನೇಹಿ ಆಗಬೇಕಿಲ್ಲ. ಅಮೃತಶಿಲೆ ಪೂರ್ತಿ ಸಹಜವೇ, ಆದರೆ ಹಡಗು ಹತ್ತಿ ಸಮುದ್ರ ದಾಟಿ ಬಂದಿದ್ದರೆ ಲೆಕ್ಕ ಬದಲಾಗುತ್ತದೆ. ಹಳೇ ಕಾಡು ಕಡಿದು ತಂದ ಮರವೂ ಸಹಜವೇ, ಅಲ್ವಾ? ವಸ್ತುವಿನ ಹೆಸರಿಗಿಂತ ಅದು ಎಲ್ಲಿಂದ ಬಂತು, ಹೇಗೆ ಬಂತು ಅನ್ನೋದೇ ಜಾಸ್ತಿ ಮುಖ್ಯ.

ಗೋಡೆ ಉಸಿರಾಡೋದು ಹೇಗೆ

ಗೋಡೆಯೊಳಗಿಂದ ಗಾಳಿ ಬೀಸೋದಿಲ್ಲ. ಮಣ್ಣಿನ ಗೋಡೆಯ ಮುಂದೆ ಊದಿನಕಡ್ಡಿ ಹಿಡಿದರೆ ಹೊಗೆ ಅಲುಗೋದೂ ಇಲ್ಲ. ಓಡಾಡುವುದು ನೀರಾವಿ.

ಒಂದು ಮನೆಯಲ್ಲಿ ಜನ ಉಸಿರು ಬಿಡುವುದರಿಂದ, ಅಡುಗೆ, ಸ್ನಾನ, ಬಟ್ಟೆ ಒಣಗಿಸುವುದರಿಂದ ದಿನಕ್ಕೆ ಹಲವು ಲೀಟರ್ ನೀರು ಆವಿಯಾಗಿ ಗಾಳಿ ಸೇರುತ್ತದೆ. ಮಣ್ಣಿನ, ಸುಣ್ಣದ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಜಾಲವೇ ಇರುತ್ತದೆ. ಕೋಣೆಯಲ್ಲಿ ತೇವ ಹೆಚ್ಚಾದಾಗ ಆ ಆವಿ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತದೆ. ಗಾಳಿ ಒಣಗಿದಾಗ ಬಿಟ್ಟುಕೊಂಡು ವಾಪಸ್ ಬರುತ್ತದೆ. ಜೇಡಿಮಣ್ಣಿನ ಕಣಗಳು ತೆಳು ಹಾಳೆಗಳ ಹಾಗಿರುವುದರಿಂದ ಅಂಟಿಕೊಳ್ಳಲು ಸಿಗುವ ಜಾಗ ಅಪಾರ. ಅದಕ್ಕೇ ಈ ಕೆಲಸದಲ್ಲಿ ಜೇಡಿ ಗಾರೆ ಎಲ್ಲಕ್ಕಿಂತ ಮುಂದೆ. ಸ್ನಾನದ ಮನೆಯ ಕನ್ನಡಿ ಬೇಗ ತಿಳಿಯಾಗುವುದು, ಮಳೆಗಾಲದಲ್ಲಿ ಬೀರುವಿನ ಹಿಂದೆ ಬೂಷ್ಟು ಕಡಿಮೆ ಆಗುವುದು, ಇದೆಲ್ಲ ಇದರ ಫಲ.

ಇದೇ ಗುಣದ ಇನ್ನೊಂದು ಮುಖ ಗೋಡೆಯ ಆಯುಷ್ಯ. ಯಾವ ಗೋಡೆಗೇ ಆಗಲಿ, ನೀರು ಎಲ್ಲಾದರೂ ಒಂದು ಕಡೆಯಿಂದ ಬಂದೇ ಬರುತ್ತದೆ. ನೆಲದಿಂದ ಮೇಲೇರುತ್ತದೆ, ಕಿಟಕಿಯ ಸಂದಿನಲ್ಲಿ ಇಳಿಯುತ್ತದೆ, ಪೈಪು ಸೋರುತ್ತದೆ. ಗೋಡೆಗೆ ಸುಣ್ಣದ ಗಾರೆ ಇದ್ದರೆ ಬಂದ ನೀರು ನಿಧಾನವಾಗಿ ಆರಿ ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ? ಸೆಕೆಯಲ್ಲಿ ಹತ್ತಿ ಅಂಗಿಯ ಮೇಲೆ ರೈನ್‌ಕೋಟ್ ಹಾಕಿಕೊಂಡು ನಡೆದ ಹಾಗೆ. ಹೊರಗಿನ ಹನಿ ಒಳಗೆ ಬರೋದಿಲ್ಲ ನಿಜ, ಆದರೆ ಒಳಗಿನ ಬೆವರು ಹೋಗೋದಕ್ಕೂ ದಾರಿ ಇರೋದಿಲ್ಲ.

ಹಳೇ ಮಣ್ಣಿನ ಗೋಡೆಗಳು ‘ರಿಪೇರಿ’ ಆದ ಮೇಲೆ ಕುಸಿಯುವುದು ಹೀಗೇ. ಸಿಮೆಂಟ್ ಪದರ ಗಟ್ಟಿ, ಬಗ್ಗೋದಿಲ್ಲ. ಒಳಗಿನ ಮಣ್ಣು ಸ್ವಲ್ಪ ಹಿಗ್ಗಿ ಕುಗ್ಗಿದರೆ ಸಾಕು, ಪ್ಲಾಸ್ಟರಿನಲ್ಲಿ ಕೂದಲೆಳೆ ಬಿರುಕು ಬೀಳುತ್ತದೆ. ಮಳೆ ನೀರು ಆ ಬಿರುಕಿನಲ್ಲಿ ಒಳಗೆ ಹೋಗುತ್ತದೆ, ಹೊರಗೆ ಬರಲಾಗದೆ ಕೂರುತ್ತದೆ. ಪ್ಲಾಸ್ಟರ್ ಮೇಲಿಂದ ನೋಡಲು ಚೆನ್ನಾಗೇ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಟೊಳ್ಳು ಸದ್ದು. ಅಷ್ಟು ಹೊತ್ತಿಗೆ ಒಳಗಿನ ಮಣ್ಣು ಕೆಸರಾಗಿ ಕೆಳಗೆ ಜಾರಿರುತ್ತದೆ.

ಮಣ್ಣು: ಯಾವ ಮಣ್ಣಾದರೂ ಆಗುತ್ತಾ?

ಆಗೋದಿಲ್ಲ. ಮೇಲಿನ ಕಪ್ಪು ಪದರದಲ್ಲಿ ಬೇರು, ಎಲೆ, ಗೊಬ್ಬರ ಇರುತ್ತದೆ. ಅದನ್ನು ತೋಟಕ್ಕೆ ಎತ್ತಿಡಬೇಕು. ಅದರ ಕೆಳಗಿನದ್ದು ಬೇಕು.

ಗೋಡೆ ಮಣ್ಣಿನಲ್ಲಿ ಜಲ್ಲಿ, ಮರಳು, ನಯವಾದ ಪುಡಿಮಣ್ಣು, ಜೇಡಿ ನಾಲ್ಕೂ ಇರುತ್ತವೆ. ಭಾರ ಹೊರುವುದು ಮರಳು ಮತ್ತು ಜಲ್ಲಿ. ಇವನ್ನೆಲ್ಲ ಹಿಡಿದಿಡುವ ಅಂಟು ಜೇಡಿ. ಜೇಡಿ ಕಡಿಮೆಯಾದರೆ ಗೋಡೆ ಉದುರುತ್ತದೆ, ಜಾಸ್ತಿಯಾದರೆ ಒಣಗುವಾಗ ಬಿರಿಯುತ್ತದೆ. ಜೇಡಿಗಳಲ್ಲೂ ಜಾತಿ ಬೇರೆ ಬೇರೆ. ಕೆಲವು ನೀರು ಕುಡಿದರೆ ಹೆಚ್ಚೇನೂ ಹಿಗ್ಗೋದಿಲ್ಲ. ಎರೆಮಣ್ಣಿನಲ್ಲಿರುವ ಜಾತಿಯದ್ದು ಊದಿಕೊಳ್ಳುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಂಥ ಮಣ್ಣನ್ನು ಹಾಗೇ ಗೋಡೆಗೆ ಬಳಸೋದು ಕಷ್ಟ. ಮರಳು, ಸುಣ್ಣ ಬೆರೆಸಿ ಪಳಗಿಸಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ನೇರ ಗೋಡೆಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಅಲುಗದ ಜಾಗದಲ್ಲಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ, ಕೆಲವು ಗಂಟೆಗಳಲ್ಲಿ ಪುಡಿಮಣ್ಣು ಅದರ ಮೇಲೆ ಕೂರುತ್ತದೆ, ಜೇಡಿ ಮಾತ್ರ ಒಂದು ದಿನವೋ ಅದಕ್ಕಿಂತ ಹೆಚ್ಚೋ ನೀರಿನಲ್ಲೇ ತೇಲುತ್ತಾ ಕೊನೆಗೆ ಮೇಲ್ಪದರವಾಗಿ ಇಳಿಯುತ್ತದೆ. ಬಾಟಲಿಗೆ ಸ್ಕೇಲ್ ಹಿಡಿದು ಪದರಗಳನ್ನು ಅಳೆದರೆ ಯಾವುದು ಎಷ್ಟಿದೆ ಅನ್ನೋ ಅಂದಾಜು ಸಿಕ್ಕಿತು. ಇದು ಅಂದಾಜು ಮಾತ್ರ. ಭಾರ ಹೊರುವ ಗೋಡೆಯಾದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲೇಬೇಕು.

ಮಣ್ಣಿನಿಂದ ಗೋಡೆ ಕಟ್ಟುವ ಬಗೆಗಳು ಹಲವು. ಮಣ್ಣಿಗೆ ಹುಲ್ಲು ಸೇರಿಸಿ ತುಳಿದು, ಮುದ್ದೆ ಮುದ್ದೆಯಾಗಿ ಪೇರಿಸುತ್ತಾ ಹೋಗೋದು ಒಂದು. ಅಚ್ಚಿನಲ್ಲಿ ಹಾಕಿ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ ಇನ್ನೊಂದು. ಚಿತ್ರಗಳಲ್ಲಿ ನೀವು ನೋಡುವ ಪದರ ಪದರದ ಗೋಡೆ ಇದೆಯಲ್ಲ, ಅದು ದಿಮ್ಮಸು ಹಾಕಿ ಬಡಿದ ಗೋಡೆ. ಎರಡು ಬದಿಗೆ ಹಲಗೆ ನಿಲ್ಲಿಸಿ, ನಡುವೆ ಒಂದು ಗೇಣಿಗಿಂತ ಕಮ್ಮಿ ದಪ್ಪಕ್ಕೆ ಮಣ್ಣು ಸುರಿದು, ಬಡಿದು ಗಟ್ಟಿ ಮಾಡಿ, ಅದರ ಮೇಲೆ ಮತ್ತೊಂದು ಪದರ. ಇಲ್ಲಿ ಮಣ್ಣು ಕೆಸರಾಗಿರಬಾರದು, ಬರೀ ತೇವ ಇರಬೇಕು. ತೇವ ಸರಿಯಿದೆಯಾ ಅಂತ ನೋಡೋಕೆ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಭುಜದ ಎತ್ತರದಿಂದ ಬಿಡುತ್ತಾರೆ. ನಾಲ್ಕಾರು ತುಂಡಾದರೆ ಸರಿ. ಪುಡಿಪುಡಿಯಾದರೆ ನೀರು ಸಾಲದು. ಪಚ್ಚೆಂದು ಕೂತರೆ ನೀರು ಜಾಸ್ತಿ. ಎಷ್ಟೇ ಯಂತ್ರ ಬಂದರೂ ಕೆಲಸದ ಜಾಗದಲ್ಲಿ ಈ ಪರೀಕ್ಷೆ ಇನ್ನೂ ಉಳಿದಿದೆ.

ನಾಲ್ಕನೆಯದು ಒತ್ತಿದ ಮಣ್ಣಿನ ಬ್ಲಾಕ್. 1950ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ರಾಉಲ್ ರಾಮಿರೆಸ್ ಎಂಬ ಎಂಜಿನಿಯರ್ ಕೈಯಿಂದ ಒತ್ತುವ ಸಿನ್ವಾ ರಾಮ್ ಎಂಬ ಯಂತ್ರ ಮಾಡಿದರು. ಇವತ್ತಿನ ಬಹುತೇಕ ಬ್ಲಾಕ್ ಯಂತ್ರಗಳ ಹಿರಿಯ ಅದೇ. ಈ ಬ್ಲಾಕ್‌ಗಳಿಗೆ ಸಾಮಾನ್ಯವಾಗಿ ಶೇ. 5ರಿಂದ 8ರಷ್ಟು ಸಿಮೆಂಟ್ ಸೇರಿಸುತ್ತಾರೆ, ಸುಡೋದಿಲ್ಲ, ಸುಮಾರು ನಾಲ್ಕು ವಾರ ನೀರುಣಿಸಿ ಮಾಗಿಸುತ್ತಾರೆ. ಸಿಮೆಂಟ್ ಸೇರಿದ ಬ್ಲಾಕ್ ನೀರಿಗೆ ಕರಗೋದಿಲ್ಲ. ಬದಲಿಗೆ ಒಂದು ಗುಣ ಬಿಟ್ಟುಕೊಡುತ್ತದೆ: ಬರೀ ಮಣ್ಣಿನ ಗೋಡೆಯನ್ನು ಕೆಡವಿ ನೀರು ಹಾಕಿ ಕಲಸಿದರೆ ಮತ್ತೆ ಹೊಸ ಗೋಡೆ ಕಟ್ಟಬಹುದು, ಇದರಲ್ಲಿ ಆಗೋದಿಲ್ಲ. ಸೇರಿಸಬೇಕಾ ಬೇಡವಾ ಅನ್ನೋದರ ಬಗ್ಗೆ ಮಣ್ಣಿನ ಕಟ್ಟಡದವರಲ್ಲೇ ಎರಡು ಬಣ ಇದೆ. ಮಳೆ ನೇರವಾಗಿ ಬಡಿಯುವ ಜಾಗದಲ್ಲಿ ಸೇರಿಸುವುದಕ್ಕೆ ಕಾರಣ ಇದೆ. ಒಳಗಿನ ಗೋಡೆಗೆ ಸುಮ್ನೆ ಯಾಕೆ ಅನ್ನೋದು ನನ್ನ ಲೆಕ್ಕ.

ಮಳೆಗೆ ಕರಗಲ್ವಾ ಅನ್ನೋ ಪ್ರಶ್ನೆ

ನೀರು ನಿಂತರೆ ಕರಗುತ್ತದೆ. ಅದಕ್ಕೇ ನಿಲ್ಲದ ಹಾಗೆ ಮಾಡಬೇಕು. ಇಂಗ್ಲೆಂಡಿನ ಡೆವನ್ ಕಡೆ ಶತಮಾನಗಳಷ್ಟು ಹಳೆಯ ಮಣ್ಣಿನ ಮನೆಗಳಲ್ಲಿ ಇವತ್ತೂ ಜನ ವಾಸವಿದ್ದಾರೆ, ಅಲ್ಲೇನೂ ಮಳೆ ಕಡಿಮೆ ಇಲ್ಲ. ಅಲ್ಲಿ ಮಾಡಿರುವುದು ಎರಡೇ ಕೆಲಸ. ಕೆಳಗೆ ಕಲ್ಲಿನ ಅಡಿಗೋಡೆ ಎತ್ತಿದ್ದಾರೆ, ಮೇಲೆ ಸೂರನ್ನು ಹೊರಗೆ ಚಾಚಿದ್ದಾರೆ. ಅಡಿಗೋಡೆ ಮುಖ್ಯ, ಯಾಕೆಂದರೆ ಮಣ್ಣಿನ ಗೋಡೆಯನ್ನು ತಿನ್ನುವುದು ಮೇಲಿಂದ ಬೀಳುವ ಮಳೆಗಿಂತ ನೆಲಕ್ಕೆ ಬಿದ್ದು ಚಿಮ್ಮುವ ಹನಿ. ಹಾಗಾಗಿ ಮೊಣಕಾಲೆತ್ತರದವರೆಗೆ ಕಲ್ಲು ಅಥವಾ ಸುಟ್ಟ ಇಟ್ಟಿಗೆ ಇರಬೇಕು, ಅದರ ಮೇಲೆ ತೇವ ಮೇಲೇರದಂತೆ ಒಂದು ತಡೆಪದರ ಇರಬೇಕು.

ಯೆಮನ್‌ನ ಶಿಬಾಮ್ ಪಟ್ಟಣದಲ್ಲಿ ಹಸಿ ಇಟ್ಟಿಗೆಯ ಮನೆಗಳು ಏಳೆಂಟು ಅಂತಸ್ತಿನವರೆಗೆ ನಿಂತಿವೆ. ಊರಿನ ವಿನ್ಯಾಸ 16ನೇ ಶತಮಾನದ್ದು, 1982ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಚಿತ್ರದಲ್ಲಿ ಗಮನಿಸಿದರೆ ಆ ಕಂದು ಕಟ್ಟಡಗಳ ನೆತ್ತಿ ಮಾತ್ರ ಬೆಳ್ಳಗಿರುತ್ತದೆ. ಅದು ಅಂದಕ್ಕಷ್ಟೇ ಅಲ್ಲ, ನೀರು ಬೀಳುವ ಜಾಗಕ್ಕೆ ಬಳಿದ ಸುಣ್ಣದ ಗಾರೆ.

ಮಣ್ಣಿನ ಕಟ್ಟಡಗಳನ್ನೇ ಕಟ್ಟುವ ಆಸ್ಟ್ರಿಯಾದ ಮಾರ್ಟಿನ್ ರೌಖ್ ಇನ್ನೊಂದು ದಾರಿ ಹಿಡಿದರು. ಶ್ಲಿನ್ಸ್ ಎಂಬ ಊರಿನ ತಮ್ಮ ಮನೆಯ ಬಡಿದ ಮಣ್ಣಿನ ಗೋಡೆಗಳಿಗೆ ಅವರು ಸಿಮೆಂಟೂ ಸೇರಿಸಲಿಲ್ಲ, ದೊಡ್ಡ ಸೂರೂ ಕೊಡಲಿಲ್ಲ. ಬದಲಿಗೆ ಗೋಡೆಯ ಉದ್ದಕ್ಕೂ ಅಲ್ಲಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳ ಸಾಲು ಸ್ವಲ್ಪ ಹೊರಚಾಚಿ ಕೂರಿಸಿದರು. ಗೋಡೆ ಮೇಲೆ ಇಳಿಯುವ ನೀರು ವೇಗ ಹಿಡಿಯುವ ಮೊದಲೇ ಬಿಲ್ಲೆಗೆ ತಾಗಿ ತೊಟ್ಟಿಕ್ಕುತ್ತದೆ. ಮೊದಲ ವರ್ಷಗಳಲ್ಲಿ ಮೇಲಿನ ನಯ ಮಣ್ಣು ಸ್ವಲ್ಪ ತೊಳೆದು ಹೋಗಿ ಕಲ್ಲಿನ ಚೂರುಗಳು ಮೇಲೆ ಬರುತ್ತವೆ, ಆಮೇಲೆ ಸವೆತ ನಿಧಾನವಾಗುತ್ತದೆ. ಎಷ್ಟು ಸವೆಯುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟು ದಪ್ಪ ಹೆಚ್ಚು ಕಟ್ಟೋದು. ಗೋಡೆ ಹೊಸದಾಗೇ ಇರಬೇಕು ಅನ್ನುವವರಿಗೆ ಇದು ಹಿಡಿಸೋದಿಲ್ಲ, ಅದು ಬೇರೆ ಮಾತು.

ಭೂಕಂಪದ ವಿಷಯವನ್ನು ಮಾತ್ರ ಹಗುರವಾಗಿ ತಗೊಳ್ಳೋ ಹಾಗಿಲ್ಲ. ಮಣ್ಣಿನ ಗೋಡೆ ಭಾರ ಹೊರುತ್ತದೆ, ಆದರೆ ಎಳೆತ ತಡೆಯೋದಿಲ್ಲ. 2003ರ ಡಿಸೆಂಬರ್ 26ರಂದು ಇರಾನಿನ ಬಾಮ್ ಪಟ್ಟಣದಲ್ಲಿ ಭೂಮಿ ಕಂಪಿಸಿದಾಗ 26,000ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹಸಿ ಇಟ್ಟಿಗೆಯ ಕಟ್ಟಡಗಳು ಬಹಳ ಇದ್ದವು, ಗೋಡೆಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಪಟ್ಟಿ ಇಲ್ಲದ ಭಾರದ ಕಟ್ಟಡಗಳು. ಕಂಪನ ವಲಯದಲ್ಲಿ ಗೋಡೆಯ ಸುತ್ತಲೂ ಮರದ, ಬಿದಿರಿನ ಇಲ್ಲವೇ ಕಾಂಕ್ರೀಟಿನ ಪಟ್ಟಿ, ಒಳಗೆ ಉದ್ದಕ್ಕೂ ಸರಳು ಅಥವಾ ಬಿದಿರು, ಹಗುರ ಮಾಡು, ಸಣ್ಣ ಕಿಟಕಿ ಬೇಕೇ ಬೇಕು. ಇದನ್ನು ಎಂಜಿನಿಯರ್ ಲೆಕ್ಕ ಹಾಕಿ ಕೊಡಬೇಕು. ಅಂದಾಜಿನ ಕೆಲಸ ಅಲ್ಲ.

ಮಣ್ಣಿನ ಮನೆ ತಂಪು ಅನ್ನೋದು ಎಷ್ಟು ನಿಜ

ಅರ್ಧ ನಿಜ. ಮಣ್ಣು ಶಾಖವನ್ನು ತಡೆಯೋದಿಲ್ಲ, ತಡ ಮಾಡುತ್ತದೆ. 35–40 ಸೆಂಟಿಮೀಟರ್ ದಪ್ಪದ ಮಣ್ಣಿನ ಗೋಡೆಗೆ ಹೊರಗಿನ ಬಿಸಿಲು ಬಿದ್ದರೆ ಆ ಬಿಸಿ ಒಳಮೈಗೆ ಬರಲು ಸುಮಾರು 10 ಗಂಟೆ ಬೇಕು. ಮಧ್ಯಾಹ್ನದ ಕಾವು ಒಳಗೆ ತಲುಪುವಾಗ ರಾತ್ರಿ. ಕಿಟಕಿ ತೆರೆದರೆ ಹೊರಗಿನ ತಣ್ಣನೆ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಹಗಲಿಗೂ ರಾತ್ರಿಗೂ ತಾಪದಲ್ಲಿ ದೊಡ್ಡ ವ್ಯತ್ಯಾಸ ಇರುವ ಒಣ ಹವೆಯಲ್ಲಿ ಇದು ಅದ್ಭುತವಾಗಿ ಕೆಲಸ ಮಾಡುತ್ತದೆ. ರಾತ್ರಿಯೂ ಸೆಕೆ ಇಳಿಯದ ಕರಾವಳಿಯಂಥ ಜಾಗದಲ್ಲಿ ದಪ್ಪ ಗೋಡೆ ಬಿಸಿ ಹಿಡಿದುಕೊಂಡು ಕೂತು ನಿದ್ದೆ ಕೆಡಿಸಬಹುದು. ಅಲ್ಲಿ ತೆಳು ಗೋಡೆ, ಎತ್ತರದ ಮಾಡು, ಗಾಳಿ ಹಾಯುವ ಹಾಗೆ ಬಿದಿರು, ಮರದಿಂದ ಕಟ್ಟೋದೇ ಮೇಲು.

ಚಳಿ ಪ್ರದೇಶಕ್ಕೆ ಬೇಕಾದದ್ದು ನಿಜವಾದ ತಡೆ. ಆ ಕೆಲಸಕ್ಕೆ ಹುಲ್ಲು ಸರಿ. ಒತ್ತಿ ಕಟ್ಟಿದ ಒಣಹುಲ್ಲಿನ ಪೆಂಡಿ ಮಣ್ಣಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ತಡೆಯುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ 19ನೇ ಶತಮಾನದ ಕೊನೆಗೆ, ಮರವೇ ಸಿಗದ ಮರಳುಗುಡ್ಡಗಳ ನಡುವೆ, ಹುಲ್ಲು ಒತ್ತುವ ಯಂತ್ರ ಬಂದ ಮೇಲೆ ಜನ ಪೆಂಡಿಗಳನ್ನೇ ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟಿಕೊಂಡರು. ಬೆಂಕಿಯ ಭಯ ಸಹಜ. ಆದರೆ ಬಿಗಿಯಾಗಿ ಒತ್ತಿ ಎರಡೂ ಕಡೆ ದಪ್ಪ ಗಾರೆ ಬಳಿದ ಹುಲ್ಲಿಗೆ ಗಾಳಿ ಸಿಗದ ಕಾರಣ ಅದು ಬೇಗ ಹೊತ್ತಿಕೊಳ್ಳೋದಿಲ್ಲ. ಅಪಾಯ ಇರೋದು ಗಾರೆ ಬಳಿಯುವ ಮುಂಚೆ, ಸುತ್ತ ಉದುರಿದ ಹುಲ್ಲು ಬಿದ್ದಿರುವಾಗ. ಮನೆ ಎದ್ದ ಮೇಲೆ ಇದಕ್ಕೂ ದೊಡ್ಡ ಶತ್ರು ನೀರೇ.

ಮಾಡಿನ ಪಾತ್ರ ಗೋಡೆಗಿಂತ ಕಡಿಮೆ ಅಲ್ಲ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಹಳ್ಳಿಯಲ್ಲಿ ಫ್ರಾನ್ಸಿಸ್ ಕೆರೆ ಎಂಬ ವಾಸ್ತುಶಿಲ್ಪಿ ಕಟ್ಟಿದ ಶಾಲೆ 2001ರಲ್ಲಿ ಮುಗಿಯಿತು. ಒತ್ತಿದ ಮಣ್ಣಿನ ಬ್ಲಾಕ್‌ಗಳ ಗೋಡೆ, ಅದೇ ಬ್ಲಾಕ್‌ಗಳ ಒಳಮಾಡು. ತಗಡಿನ ಹೊರಮಾಡನ್ನು ಮಾತ್ರ ಸರಳುಗಳ ಮೇಲೆ ಎತ್ತಿ ದೂರ ಇಟ್ಟರು. ತಗಡು ಕಾದರೆ ನಡುವಿನ ಗಾಳಿ ಬಿಸಿಯಾಗಿ ಮೇಲೆದ್ದು ಹೊರಟುಹೋಗುತ್ತದೆ, ಒಳಮಾಡಿನ ಸಂದುಗಳಿಂದ ಕೋಣೆಯ ಸೆಕೆಯೂ ಅದರ ಹಿಂದೆಯೇ ಹೋಗುತ್ತದೆ. ತಗಡು ಅಗಲಕ್ಕೆ ಚಾಚಿರುವುದರಿಂದ ಮಣ್ಣಿನ ಗೋಡೆಗೆ ಮಳೆಯೂ ತಾಗೋದಿಲ್ಲ. ಫ್ರಾನ್ಸಿಸ್ ಕೆರೆಯವರಿಗೆ 2022ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ಸುಣ್ಣ: ಕಲ್ಲಾಗಿದ್ದು, ಮತ್ತೆ ಕಲ್ಲಾಗೋದು

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ, ನೀರು ಹೆಚ್ಚಿಟ್ಟರೆ ಬೆಣ್ಣೆಯಂಥ ಹಿಟ್ಟಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಎಳೆದುಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಸುಡುವಾಗ ಕಲ್ಲಿನಿಂದ ಹೋದ ಅನಿಲದಲ್ಲಿ ಬಹುಪಾಲು ಹೀಗೆ ವಾಪಸ್ ಬರುತ್ತದೆ. ಒಲೆಯ ಇಂಧನದ ಹೊಗೆ ಮಾತ್ರ ವಾಪಸ್ ಬರೋದಿಲ್ಲ, ಹಾಗಾಗಿ ಸುಣ್ಣಕ್ಕೆ ಲೆಕ್ಕವೇ ಇಲ್ಲ ಅನ್ನೋದು ತಪ್ಪು.

ಸುಣ್ಣದ ಕೆಲಸ ಕೆಡುವುದು ಅವಸರದಿಂದ. ಅದು ಒಣಗಿ ಗಟ್ಟಿಯಾಗುವ ವಸ್ತು ಅಲ್ಲ, ತೇವ ಇದ್ದಾಗ ಮಾತ್ರ ಗಾಳಿಯ ಜೊತೆ ಸೇರಿ ಕಲ್ಲಾಗುವ ವಸ್ತು. ಬಿರುಬಿಸಿಲಿಗೆ ಒಂದೇ ದಿನದಲ್ಲಿ ಒಣಗಿಸಿದರೆ ಪುಡಿಯಾಗಿ ಉಳಿಯುತ್ತದೆ, ಕೈ ಒರೆಸಿದರೆ ಬೆಳ್ಳಗೆ ಅಂಟುತ್ತದೆ. ಅದಕ್ಕೇ ಗೋಡೆಯನ್ನು ಮೊದಲು ನೆನೆಸುತ್ತಾರೆ, ತೆಳುವಾಗಿ ಬಳಿಯುತ್ತಾರೆ, ಒದ್ದೆ ಗೋಣಿಚೀಲ ಇಳಿಬಿಟ್ಟು ಬಿಸಿಲು ಗಾಳಿಯಿಂದ ಕಾಯುತ್ತಾರೆ. ಸುಣ್ಣ ಹೊಡೆಯುವಾಗಲೂ ಅಷ್ಟೇ. ಹಾಲಿನಷ್ಟು ತೆಳುವಾಗಿರಬೇಕು. ಬ್ರಷ್ ಎಳೆದಾಗ ಏನೂ ಕಾಣೋದಿಲ್ಲ, ಬಳಿದೇ ಇಲ್ಲವೇನೋ ಅನಿಸುತ್ತದೆ. ಆರುತ್ತಾ ಬಂದ ಹಾಗೆ ಬಿಳುಪು ಏಳುತ್ತದೆ. ಇದು ಗೊತ್ತಿಲ್ಲದವರು ಮೊದಲ ಸಲವೇ ದಪ್ಪಗೆ ಬಳಿದು, ಆಮೇಲೆ ಹಕ್ಕಳೆ ಏಳುವುದನ್ನು ನೋಡುತ್ತಾರೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕಡ್ಡಾಯ. ಹಸಿ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅದರ ಇದೇ ಕ್ಷಾರ ಗುಣದಿಂದ ಬೂಷ್ಟು ಹೊಸ ಸುಣ್ಣದ ಮೇಲೆ ಸುಲಭವಾಗಿ ಬೆಳೆಯೋದಿಲ್ಲ.

ಸ್ನಾನದ ಮನೆಗೂ ಸುಣ್ಣ ಆಗುತ್ತದೆ. ಮೊರಾಕೊದ ಮರಾಕೆಶ್ ಕಡೆಯ ತದೆಲಕ್ತ್ ಎಂಬ ಕೆಲಸ ನೋಡಿ. ಸುಣ್ಣದ ಗಾರೆ ಬಳಿದು, ಅದು ಪೂರ್ತಿ ಆರುವ ಮುಂಚೆ ನುಣ್ಣನೆ ಕಲ್ಲಿನಿಂದ ಉಜ್ಜಿ ಉಜ್ಜಿ ಒತ್ತುತ್ತಾರೆ. ಆಮೇಲೆ ಆಲಿವ್ ಎಣ್ಣೆಯ ಸೋಪು ಸವರುತ್ತಾರೆ. ಸೋಪು ಮತ್ತು ಸುಣ್ಣ ಸೇರಿ ನೀರಿನಲ್ಲಿ ಕರಗದ ಇನ್ನೊಂದು ಸೋಪಾಗಿ ಮೇಲ್ಮೈಯ ರಂಧ್ರದಲ್ಲಿ ಕೂರುತ್ತದೆ. ಗಡಸು ನೀರಲ್ಲಿ ಸ್ನಾನ ಮಾಡಿದಾಗ ಬಕೆಟ್ಟಿಗೆ ಹತ್ತುವ ಜಿಗುಟು ಪದರ ಇದೆಯಲ್ಲ, ರಸಾಯನದ ಲೆಕ್ಕದಲ್ಲಿ ಅದೇ ಇದು. ಅಲ್ಲಿ ತೊಂದರೆ, ಇಲ್ಲಿ ಕೆಲಸಕ್ಕೆ ಬಂತು.

ಮರ, ಬಿದಿರು

ಮರ ಕೊಳೆಯೋದು ವಯಸ್ಸಾಗಿ ಅಲ್ಲ. ಅದರಲ್ಲಿ ತೇವ ಸುಮಾರು ಶೇ. 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರ ಬೆಳೆಯೋದಿಲ್ಲ. ಜಪಾನಿನ ನಾರಾ ಬಳಿಯ ಹೋರ್ಯು-ಜಿ ದೇಗುಲದ ಮರದ ಕಟ್ಟಡಗಳು ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳ ಸಾಲಿಗೆ ಸೇರುತ್ತವೆ. ಮರ ಕಲ್ಲಿನ ಮೇಲೆ ನಿಂತಿದೆ, ಸೂರು ಅಗಲ, ಕೆಟ್ಟ ಭಾಗವನ್ನು ಕಾಲಕಾಲಕ್ಕೆ ಬದಲಿಸಿದ್ದಾರೆ.

ಒಣಗಿದ ಮೇಲೂ ಮರ ಅಲುಗುತ್ತಲೇ ಇರುತ್ತದೆ. ಉದ್ದಕ್ಕೆ ಹೆಚ್ಚೇನೂ ಇಲ್ಲ, ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಬಾಗಿಲು ಮಳೆಗಾಲದಲ್ಲಿ ಸಿಕ್ಕಿಕೊಳ್ಳೋದು ಅದಕ್ಕೇ. ಮರದ ನೆಲ ಹಾಕುವಾಗ ಗೋಡೆಯ ಅಂಚಿಗೆ ಸಂದು ಬಿಡಲೇಬೇಕು, ಇಲ್ಲದಿದ್ದರೆ ನಡುವೆ ಉಬ್ಬಿ ಏಳುತ್ತದೆ.

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಮೂರರಿಂದ ಐದು ವರ್ಷದಲ್ಲಿ ಕಟ್ಟಡಕ್ಕೆ ಬಲಿಯುತ್ತದೆ. ಕಡ್ಡಿ ಒಳಗಿನ ಪಿಷ್ಟ ಕುಟ್ಟೆ ಹುಳುವಿಗೆ ಊಟ. ಸುತ್ತ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳು ಕೂತಿದೆ ಅಂತಲೇ ಅರ್ಥ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಹುಳು ಮುಟ್ಟೋದಿಲ್ಲ. ಆದರೆ ಮಳೆಗೆ ನೆನೆದರೆ ಆ ಉಪ್ಪು ತೊಳೆದು ಹೋಗುತ್ತದೆ. ಆದ್ದರಿಂದ ಉಪಚಾರ ಮಾಡಿದ ಬಿದಿರೂ ಸೂರಿನ ಅಡಿಯಲ್ಲೇ ಇರಬೇಕು, ನೆಲಕ್ಕೆ ಹೂತಿಡಬಾರದು. ಅಂಗಳದಲ್ಲಿ ಬಿಸಿಲು ಮಳೆಗೆ ಒಡ್ಡಿದ ಬಿದಿರಿನ ಕಂಬಗಳ ಚಿತ್ರ ನೋಡಿದರೆ, ಅದು ಹೊಸದಾಗಿದ್ದಾಗ ತೆಗೆದದ್ದು ಅಂತ ಧೈರ್ಯವಾಗಿ ಹೇಳಬಹುದು.

ಒಳಗಿನ ಕೆಲಸ: ಹೊಸ ಮನೆಯ ವಾಸನೆ ಎಲ್ಲಿಂದ ಬರುತ್ತೆ

ಪೇಂಟ್, ಅಂಟು, ವಾರ್ನಿಷ್‌ನಿಂದ ಆವಿಯಾಗಿ ಬರುವ ರಾಸಾಯನಿಕಗಳೇ ಆ ವಾಸನೆ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ್ದು) ಹಲಗೆಗಳನ್ನು ಅಂಟಿಸುವ ಅನೇಕ ಅಂಟುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗೋಡೆ ಮಣ್ಣಿನದಾಗಿದ್ದು ಬೀರುಗಳೆಲ್ಲ ಅಗ್ಗದ ಎಂಡಿಎಫ್ ಆದರೆ ಕೋಣೆಯ ಗಾಳಿಗೆ ಹೆಚ್ಚಿನ ಲಾಭ ಇಲ್ಲ. ಹಲಗೆ ಕೊಳ್ಳುವಾಗ ಅದರ ಫಾರ್ಮಾಲ್ಡಿಹೈಡ್ ದರ್ಜೆ, ಅಂದರೆ ಅದು ಎಷ್ಟು ಫಾರ್ಮಾಲ್ಡಿಹೈಡ್ ಬಿಡುತ್ತದೆ ಅನ್ನೋದನ್ನು ಕೇಳಿ.

ನೆಲಕ್ಕೆ ಕಲ್ಲು, ಸುಟ್ಟ ಮಣ್ಣಿನ ಬಿಲ್ಲೆ, ಮರ ಎಲ್ಲರಿಗೂ ಗೊತ್ತು. ಹೆಚ್ಚು ಮಂದಿ ಮರೆತಿರುವುದು ಲಿನೋಲಿಯಂ. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ರೂಪಿಸಿದ ಇದರಲ್ಲಿ ಇರುವುದು ಅಗಸೆ ಎಣ್ಣೆ, ಕಾರ್ಕ್ ಪುಡಿ, ಮರದ ಪುಡಿ, ಕೆಳಗೆ ಸೆಣಬಿನ ಬಟ್ಟೆ. ಅದರಂತೆಯೇ ಕಾಣುವ ಪ್ಲಾಸ್ಟಿಕ್ ಹಾಸನ್ನೂ ಜನ ಅದೇ ಹೆಸರಲ್ಲಿ ಕರೆಯುತ್ತಾರೆ, ಕೊಳ್ಳುವಾಗ ನೋಡಿ. ಕಾರ್ಕ್ ಇನ್ನೂ ಸ್ವಾರಸ್ಯ. ಅದು ಒಂದು ಜಾತಿಯ ಓಕ್ ಮರದ ತೊಗಟೆ. ಮರ ಕಡಿಯೋದಿಲ್ಲ, ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ, ಮತ್ತೆ ಬೆಳೆಯುತ್ತದೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್‌ನದ್ದು.

ಮರಕ್ಕೆ ವಾರ್ನಿಷ್ ಬದಲು ಅಗಸೆ ಎಣ್ಣೆ ಹಚ್ಚಿದರೆ ಮೇಲೆ ಪದರ ಕಟ್ಟೋದಿಲ್ಲ, ಒಳಗೆ ಇಳಿಯುತ್ತದೆ. ಗೀರು ಬಿದ್ದರೆ ಆ ಜಾಗಕ್ಕಷ್ಟೇ ಮತ್ತೆ ಎಣ್ಣೆ ಒರೆಸಿದರೆ ಆಯ್ತು. ಒಂದು ವಿಷಯ ಮಾತ್ರ ನೆನಪಿರಲಿ. ಈ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇಡಿ, ಇಲ್ಲವೇ ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಕಟ್ಟಿ ಮುಗಿದ ಮನೆಯಲ್ಲಿ ಏನು ಮಾಡಬಹುದು

ಫ್ಲ್ಯಾಟ್‌ನಲ್ಲಿದ್ದರೂ ಒಂದು ಕೋಣೆಗೆ ಜೇಡಿ ಗಾರೆ ಅಥವಾ ಸುಣ್ಣ ಬಳಿಸಬಹುದು. ಗೋಡೆಗೆ ಒಂದಿಷ್ಟು ನೀರು ಚಿಮುಕಿಸಿ ನೋಡಿ. ಹೀರಿಕೊಂಡು ಕಪ್ಪಾದರೆ ಸುಣ್ಣ ಹಿಡಿಯುತ್ತದೆ. ಹನಿಹನಿಯಾಗಿ ಜಾರಿದರೆ ಮೇಲೆ ಪ್ಲಾಸ್ಟಿಕ್ ಪೇಂಟ್ ಇದೆ, ಅದನ್ನು ಕೆರೆದು ತೆಗೆಯದೆ ಸುಣ್ಣ ನಿಲ್ಲೋದಿಲ್ಲ. ಜೇಡಿ ಗಾರೆಗಾದರೆ ಮರಳು ಬೆರೆಸಿದ ಒರಟು ಅಡಿಪದರ ಕೊಟ್ಟು ಅದರ ಮೇಲೆ ಬಳಿಯುತ್ತಾರೆ. ಅದು ಮೆತ್ತಗಿನ ವಸ್ತು, ಕುರ್ಚಿಯ ಬೆನ್ನು ತಾಗಿದರೆ ಸವೆಯುತ್ತದೆ, ನೀರು ಸಿಡಿಯುವ ಸಿಂಕಿನ ಹಿಂದೆ ಬೇಡ. ಮಂಚದ ತಲೆ ಕಡೆಯ ಗೋಡೆಗೆ ಚೆನ್ನ.

ಪೂರ್ತಿ ಮನೆಯನ್ನೇ ಹೀಗೆ ಕಟ್ಟಿಸುವುದಾದರೆ ನೋಡಿಕೊಳ್ಳುವ ಕೆಲಸವನ್ನೂ ಲೆಕ್ಕಕ್ಕೆ ಸೇರಿಸಿ. ಮಾಲಿಯ ಜೆನ್ನೆ ಊರಿನ ದೊಡ್ಡ ಮಣ್ಣಿನ ಮಸೀದಿ 1907ರದ್ದು, ಅದಕ್ಕೆ ಊರವರೆಲ್ಲ ಸೇರಿ ವರ್ಷ ವರ್ಷ ಮಣ್ಣು ಮೆತ್ತುತ್ತಾರೆ. ಗೋಡೆಯಿಂದ ಹೊರಚಾಚಿದ ಮರದ ಕಡ್ಡಿಗಳು ಆ ಕೆಲಸಕ್ಕೆ ಹತ್ತುವ ಅಟ್ಟಣೆಯೂ ಹೌದು. ಸಾಧಾರಣ ಮನೆಗೆ ಇಷ್ಟೆಲ್ಲ ಬೇಕಾಗೋದಿಲ್ಲ. ಕೆಲವು ವರ್ಷಕ್ಕೊಮ್ಮೆ ಸುಣ್ಣ, ಮಳೆಗೆ ಮುಂಚೆ ಸೂರಿನ ದೋಣಿ ಶುಚಿ ಮಾಡೋದು, ಗೋಡೆಯ ಬುಡಕ್ಕೆ ಗಿಡ ನೆಟ್ಟು ನೀರು ಹಾಯಿಸದೇ ಇರೋದು, ಬಿರುಕು ಕಂಡರೆ ಸಿಮೆಂಟ್ ತುಂಬದೆ ಅದೇ ಮಣ್ಣಿನಿಂದ ಮುಚ್ಚೋದು. ಕೊನೆಯದಕ್ಕಾಗಿ ಕಟ್ಟುವಾಗಲೇ ಎರಡು ಚೀಲ ಮಣ್ಣು ಎತ್ತಿಟ್ಟುಕೊಂಡಿರಿ, ಆಮೇಲೆ ಅದೇ ಬಣ್ಣದ ಮಣ್ಣು ಸಿಗೋದು ಕಷ್ಟ.